ಕ್ಷಾರದ ಮಿತಿಯೂ ತ್ವಚೆಯ ಕ್ಷೇಮವೂ

ಅರಿಸಿನದ ಕಲೆ ಬಿದ್ದ ಬಿಳಿಯ ಬಟ್ಟೆಗೆ ಸಾಬೂನು ತಾಕಿದೊಡನೆ ಆ ಕಲೆಯು ಹಳದಿಯನ್ನು ಬಿಟ್ಟು ಕೆಂಪಿಗೆ ತಿರುಗುವುದನ್ನು ಕಾಣದ ಮನೆ ಕನ್ನಡನಾಡಿನಲ್ಲಿ ಇರಲಾರದು. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆತಾಗ ಆರತಿಯ ತಟ್ಟೆಯಲ್ಲಿ ಕೆಂಪು ಮೂಡುವುದೂ ಎಲ್ಲರೂ ಬಲ್ಲ ಸಂಗತಿಯೇ. ಸಾಬೂನಿಗೂ ಸುಣ್ಣಕ್ಕೂ ಸಮಾನವಾದ ಗುಣವೊಂದುಂಟೆಂದೂ, ಅರಿಸಿನವು ಆ ಗುಣವನ್ನು ತನ್ನ ಬಣ್ಣದಿಂದ ಸಾರುತ್ತದೆಯೆಂದೂ ಇದರಿಂದ ಸಿದ್ಧವಾಗುತ್ತದೆ. ಆ ಗುಣಕ್ಕೆ ಕ್ಷಾರಗುಣವೆಂದು ಹೆಸರು. ಮೈಗೆ ಹಚ್ಚುವ ಗಟ್ಟಿ ಸಾಬೂನಿನ ಹುಟ್ಟಿಗೆ ಕಾರಣವಾದ ಕ್ಷಾರವು ಕಾಸ್ಟಿಕ್ ಸೋಡಾ; ರಸಾಯನಶಾಸ್ತ್ರದ ಪರಿಭಾಷೆಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್. ಚರ್ಮವನ್ನು ಸುಡಬಲ್ಲ ವಸ್ತುವೊಂದರಿಂದಲೇ ಚರ್ಮವನ್ನು ಶುಚಿಗೊಳಿಸುವ ವಸ್ತು ಹುಟ್ಟುವ ಬಗೆ ಯಾವುದು, ಎಷ್ಟರಲ್ಲಿ ಅದು ಕ್ಷೇಮಕರ, ಎಲ್ಲಿಂದ ಮುಂದೆ ಅಪಾಯಕರ ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಈ ವಿಚಾರಕ್ಕೆ ಇಂದು ವಿಶೇಷ ಪ್ರಸಕ್ತಿಯುಂಟು. ಬೆಂಗಳೂರಿನಿಂದ ಕೋಲಾರಕ್ಕೆ ಹೋಗುವ ಹೆದ್ದಾರಿಯ ಬಳಿಯ ನರಸಾಪುರವು ರಾಗಿ, ರೇಷ್ಮೆ, ಟೊಮೇಟೋಗಳ ಸೀಮೆಗೆ ಸೇರಿದ ಊರು; ಈಗ ಅದರ ಹೆಸರು ದೊಡ್ಡ ದೊಡ್ಡ ಕಾರ್ಖಾನೆಗಳ ಕೈಗಾರಿಕಾ ಪ್ರದೇಶದ ಹೆಸರಾಗಿಯೂ ಪ್ರಸಿದ್ಧವಾಗಿದೆ. ಇಂತಹ ಊರುಗಳಲ್ಲಿ ಮನೆಯಲ್ಲೇ ಸಾಬೂನು ತಯಾರಿಸುವ ಉತ್ಸಾಹ ಈಚಿನ ವರ್ಷಗಳಲ್ಲಿ ಬೆಳೆದಿದೆ. ಮಹಿಳಾ ಸಂಘಗಳ ಸದಸ್ಯೆಯರಿಗೆ ಇದೊಂದು ಆದಾಯದ ಮಾರ್ಗ. ಶಾಲೆಯ ಮಕ್ಕಳಿಗೆ ಇದೊಂದು ಕುತೂಹಲದ ಪ್ರಯೋಗ. ಈ ಉತ್ಸಾಹ ಶ್ಲಾಘ್ಯವಾದುದೇ ಸರಿ. ಆದರೆ ಇದರೊಡನೆ ಪರಸ್ಪರ ವಿರುದ್ಧವಾದ ಎರಡು ತಪ್ಪು ನಂಬಿಕೆಗಳೂ ಹಬ್ಬಿವೆ. ಸೋಡಾ ಎಂಬುದು ವಿಷ, ಅದನ್ನು ಮುಟ್ಟದೆ ಮಾಡಿದ ಸಾಬೂನೇ ಶ್ರೇಷ್ಠವೆಂಬುದು ಒಂದು. ಎಣ್ಣೆ, ಹಾಲು, ಜೇನು, ಲೋಳೆಸರ ಇವೆಲ್ಲ ಸೇರಿರುವಾಗ ಸೋಡಾ ತುಸು ಹೆಚ್ಚಾದರೂ ಬಾಧಕವಿಲ್ಲವೆಂಬುದು ಇನ್ನೊಂದು. ಮೊದಲನೆಯದು ಅಜ್ಞಾನ, ಎರಡನೆಯದು ಅನರ್ಥ.

ಶಬ್ದವಿಚಾರ

ಮೊದಲು ಶಬ್ದಗಳನ್ನು ಬಿಡಿಸಿಕೊಳ್ಳುವುದು ಲೇಸು. ಈ ವಿಷಯದಲ್ಲಿ ಅನೇಕ ಅವಘಡಗಳಿಗೆ ಶಬ್ದದ ಗೊಂದಲವೇ ಮೂಲ. ‘ಕ್ಷಾರ’ವೆಂಬುದು ಸಂಸ್ಕೃತದ ‘ಕ್ಷರ್’ ಧಾತುವಿನಿಂದ ಹುಟ್ಟಿದ ಮಾತು. ಕರಗಿಸು, ಸವೆಯಿಸು, ಒಸರು ಎಂಬ ಅರ್ಥಛಾಯೆಗಳು ಅದರಲ್ಲಿವೆ. ಕನ್ನಡದಲ್ಲಿ ‘ಸವುಳು’, ‘ಚೌಳು’ ಎಂಬ ದೇಶ್ಯಪದಗಳು ಇದಕ್ಕೆ ಸಮೀಪವಾದವು. ಬೇಸಗೆಯಲ್ಲಿ ನೆಲದ ಮೇಲೆ ಬಿಳಿಯ ಹೊಟ್ಟಿನಂತೆ ಏಳುವ ಚೌಳು ಮಣ್ಣನ್ನು ಬಟ್ಟೆ ಒಗೆಯಲು ಮಡಿವಾಳರು ಹಿಂದೆ ಬಳಸುತ್ತಿದ್ದರು. ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವರು ಶರಣರ ಬಟ್ಟೆಗಳನ್ನು ಮಡಿ ಮಾಡುವ ಕಾಯಕವನ್ನು ಕೈಗೊಂಡ ಕಾಲದಲ್ಲಿ ಇಂದಿನ ಸಾಬೂನು ಇರಲಿಲ್ಲವೆಂಬುದನ್ನು ಇಲ್ಲಿ ನೆನೆಯಬಹುದು. ತಲೆಗೆ ಸೀಗೆಕಾಯಿ, ಅಂಟುವಾಳ, ಮೈಗೆ ಕಡಲೆಹಿಟ್ಟು, ಪಾತ್ರೆಗೆ ಒಲೆಯ ಬೂದಿ: ಇದು ಹಳೆಯ ಕ್ರಮ. ತೆಲುಗು ಮನೆಮಾತಿನವರೂ ಬೆರೆತು ಬಾಳುವ ಕೋಲಾರ ಸೀಮೆಯಲ್ಲಿ ಅಂಟುವಾಳಕ್ಕೆ ಕುಂಕುಡುಕಾಯಿಯೆಂಬ ಹೆಸರೂ ಸಲ್ಲುತ್ತದೆ. ‘ಸಾಬೂನು’ ಎಂಬ ಶಬ್ದವಂತೂ ಅರಬ್ಬೀ ಮೂಲದ್ದು.

ಇನ್ನು ‘ಸೋಡಾ’ ಎಂಬ ಮಾತು. ಅಂಗಡಿಯಲ್ಲಿ ಈ ಒಂದೇ ಹೆಸರಿನಿಂದ ಮೂರು ಬೇರೆ ಬೇರೆ ವಸ್ತುಗಳು ದೊರೆಯುತ್ತವೆ. ಬೋಂಡಾ, ಇಡ್ಲಿಗಳಿಗೆ ಚಿಟಿಕೆಯಷ್ಟು ಹಾಕುವ ಅಡುಗೆ ಸೋಡಾ ಒಂದು. ಅದು ಸೋಡಿಯಂ ಬೈಕಾರ್ಬೊನೇಟ್, ಮೂರರಲ್ಲಿ ಅತ್ಯಂತ ಮೃದು. ಬಟ್ಟೆ ಒಗೆಯುವ ಸೋಡಾ, ಅಂದರೆ ವಾಷಿಂಗ್ ಸೋಡಾ, ಎರಡನೆಯದು. ಅದು ಸೋಡಿಯಂ ಕಾರ್ಬೊನೇಟ್, ಮಧ್ಯಮ. ಮೂರನೆಯದು ಕಾಸ್ಟಿಕ್ ಸೋಡಾ, ಅದು ತೀಕ್ಷ್ಣ. ಬಿಳಿಯ ಚೂರುಗಳಾಗಿ, ನೋಡುವುದಕ್ಕೆ ತೆಳು ಅವಲಕ್ಕಿಯ ನುಚ್ಚಿನಂತೆ, ಇಲ್ಲವೆ ಸಣ್ಣ ಮಣಿಗಳಂತೆ ಇರುವ ಈ ವಸ್ತುವಿಗೆ ವಾಸನೆಯಿಲ್ಲ. ನೀರಿನಲ್ಲಿ ಕರಗಿದ ಮೇಲೆ ಬಣ್ಣವೂ ಇಲ್ಲ. ಕಟ್ಟಿಕೊಂಡ ಚರಂಡಿಯ ಕೊಳವೆಯನ್ನು ಬಿಡಿಸಲು ಬಳಸುವುದು ಇದನ್ನೇ. ಮೂರನ್ನೂ ‘ಸೋಡಾ ಪುಡಿ’ ಎಂದೇ ಕರೆಯುವ ಮನೆಯಲ್ಲಿ ಒಂದರ ಡಬ್ಬಿಗೆ ಇನ್ನೊಂದು ಸೇರಿದರೆ ಆಗುವ ಅನಾಹುತವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪ್ರಾಚೀನರ ಕ್ಷಾರಜ್ಞಾನ

ಕ್ಷಾರದ ಈ ತರತಮವನ್ನು ಪ್ರಾಚೀನ ಭಾರತೀಯರು ಚೆನ್ನಾಗಿ ಅರಿತಿದ್ದರು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಕ್ಷಾರಪಾಕಕ್ಕಾಗಿಯೇ ಹನ್ನೊಂದನೆಯ ಅಧ್ಯಾಯವು ಮೀಸಲಾಗಿದೆ. ಕೆಲವು ಮರಗಳನ್ನು ಸುಟ್ಟು, ಬೂದಿಯನ್ನು ಅದರ ಆರು ಪಟ್ಟು ನೀರಿನಲ್ಲಿ ಕದಡಿ, ಇಪ್ಪತ್ತೊಂದು ಬಾರಿ ಸೋಸಿ, ಆ ತಿಳಿಯನ್ನು ಕಾಯಿಸುವ ವಿಧಾನವನ್ನು ಅಲ್ಲಿ ವಿವರಿಸಿದೆ. ಸುಟ್ಟ ಶಂಖ, ಕಪ್ಪೆಚಿಪ್ಪು ಮೊದಲಾದವನ್ನು ಅದಕ್ಕೆ ಸೇರಿಸುವುದರ ಮರ್ಮವು ಇಂದಿನ ರಸಾಯನಶಾಸ್ತ್ರದಿಂದ ಸ್ಪಷ್ಟವಾಗುತ್ತದೆ. ಸುಟ್ಟ ಚಿಪ್ಪೆಂದರೆ ಸುಣ್ಣ. ಬೂದಿಯ ಸೌಮ್ಯ ಕ್ಷಾರವು ಸುಣ್ಣದೊಡನೆ ಸೇರಿ ಉಗ್ರ ಕ್ಷಾರವಾಗುತ್ತದೆ. ಹೀಗೆ ಸಿದ್ಧವಾದುದನ್ನು ಮೃದು, ಮಧ್ಯಮ, ತೀಕ್ಷ್ಣವೆಂದು ಮೂರಾಗಿ ವಿಂಗಡಿಸಿ, ಕಬ್ಬಿಣದ ಪಾತ್ರೆಯಲ್ಲಿ ಬಾಯಿ ಮುಚ್ಚಿ ಇಡಬೇಕೆಂದು ಆಚಾರ್ಯನು ವಿಧಿಸುತ್ತಾನೆ. ಗಂಟು, ಮೂಲವ್ಯಾಧಿ ಮುಂತಾದವುಗಳ ಮೇಲೆ ಅದನ್ನು ಹಚ್ಚಿ ನೂರು ಎಣಿಸುವಷ್ಟು ಕಾಲ ಮಾತ್ರ ಕಾಯಬೇಕೆಂಬುದೂ ಅಲ್ಲಿಯ ನಿಯಮ. ಔಷಧವಾದುದು ನೂರರಾಚೆಗೆ ಶಸ್ತ್ರವಾದೀತೆಂಬ ಎಚ್ಚರ ಇದರಲ್ಲಿ ಅಡಗಿದೆ.

ವೀರಶೈವ ಲಿಂಗಾಯತ ಪರಂಪರೆಯಲ್ಲಿ ಬೂದಿಗೆ ಇನ್ನೊಂದು ಪರಮಪವಿತ್ರ ರೂಪವುಂಟು. ಅಷ್ಟಾವರಣಗಳಲ್ಲಿ ಒಂದಾದ ವಿಭೂತಿಯು ನಿತ್ಯವೂ ತ್ವಚೆಯನ್ನು ಮುಟ್ಟುವ ವಸ್ತು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಬಳಿ ಸ್ಥಾಪಿಸಿದ ಶಿವಯೋಗಮಂದಿರವು ಗೋಮಯದಿಂದ ಸಿದ್ಧಪಡಿಸುವ ವಿಭೂತಿಗೆ ಹೆಸರಾದುದು. ಬೂದಿಯನ್ನು ನೀರಿನಲ್ಲಿ ಕಲಸಿ, ಸೋಸಿ, ಮೇಲಿನ ತಿಳಿಯನ್ನು ಬಸಿದು, ಗಟ್ಟಿ ಕಟ್ಟಿ ಒಣಗಿಸುವಾಗ, ನೀರಿನಲ್ಲಿ ಕರಗುವ ಕ್ಷಾರಾಂಶವು ಬಹುಮಟ್ಟಿಗೆ ನೀರಿನೊಡನೆ ಹೋಗುತ್ತದೆ. ಕರಗದ ನಯವಾದ ಭಾಗ ಉಳಿಯುತ್ತದೆ. ಬಸಿದ ನೀರು ಕೊಳೆಯನ್ನು ತೆಗೆಯುತ್ತದೆ. ಉಳಿದ ಬೂದಿ ಹಣೆಯನ್ನು ಸೇರುತ್ತದೆ. ಮೂಲ ಒಂದೇ ಆದರೂ ಸಂಸ್ಕಾರದಿಂದ ಗುಣ ಬೇರೆಯಾಯಿತು. ಸಾಬೂನಿನ ವಿಷಯದಲ್ಲಿಯೂ ನಡೆಯುವುದು ಇಂತಹುದೇ ಒಂದು ಸಂಸ್ಕಾರ.

ಸಾಬೂನಿನ ಹುಟ್ಟು

ಎಣ್ಣೆಗೆ ಕಾಸ್ಟಿಕ್ ಸೋಡಾದ ದ್ರಾವಣವನ್ನು ಬೆರೆಸಿ ಕದಡಿದರೆ ಎರಡೂ ತಮ್ಮ ಹಿಂದಿನ ರೂಪವನ್ನು ಕಳೆದುಕೊಳ್ಳುತ್ತವೆ. ಎಣ್ಣೆಯ ಕಣವೆಂದರೆ ಗ್ಲಿಸರಿನ್ನಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡ ಒಂದು ರಚನೆ. ಕ್ಷಾರವು ಆ ಅಂಟನ್ನು ಬಿಡಿಸಿ, ಕೊಬ್ಬಿನಾಮ್ಲಗಳನ್ನು ತಾನು ಕೂಡಿಕೊಂಡು ಸಾಬೂನಾಗುತ್ತದೆ, ಗ್ಲಿಸರಿನ್ ಬೇರ್ಪಡುತ್ತದೆ. ಕೊಬ್ಬುಗಳ ಈ ಒಳರಚನೆಯನ್ನು ಫ್ರಾನ್ಸಿನ ಶೆವ್ರಲ್ ಎಂಬ ವಿಜ್ಞಾನಿಯು 1823ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ನಿರೂಪಿಸಿದನು. ಅದಕ್ಕೆ ಮೊದಲು ಸಾಬೂನು ಮಾಡುವವರಿಗೆ ಕೈಯ ಅಭ್ಯಾಸವಿದ್ದಿತೇ ಹೊರತು ಕಾರಣದ ಅರಿವು ಇರಲಿಲ್ಲ.

ಇಲ್ಲಿ ಗಮನಿಸಬೇಕಾದ ತತ್ತ್ವವೊಂದಿದೆ. ಕ್ರಿಯೆ ಪೂರ್ಣವಾದ ಮೇಲೆ, ಎಣ್ಣೆಯ ಪಾಲಿಗೆ ತಕ್ಕಷ್ಟೇ ಹಾಕಿದ ಸೋಡಾ ಸಾಬೂನಿನಲ್ಲಿ ಸೋಡಾ ಆಗಿ ಉಳಿಯುವುದೇ ಇಲ್ಲ. ಹಾಲಿಗೆ ಹೆಪ್ಪು ಹಾಕಿದ ಮೇಲೆ ಮೊಸರಿನಲ್ಲಿ ಹಾಲನ್ನು ಹುಡುಕುವುದು ಹೇಗೆ ವ್ಯರ್ಥವೋ ಸರಿಯಾಗಿ ಮಾಡಿದ ಸಾಬೂನಿನಲ್ಲಿ ಸೋಡಾವನ್ನು ಹುಡುಕುವುದೂ ಹಾಗೆಯೇ. ಆದುದರಿಂದ ‘ಸೋಡಾ ಹಾಕದ ಸಾಬೂನು’ ಎಂಬ ಮಾತಿಗೆ ಅರ್ಥವಿಲ್ಲ. ಕ್ಷಾರವಿಲ್ಲದೆ ಸಾಬೂನು ಹುಟ್ಟದು. ಕರಗಿಸಿ ಅಚ್ಚಿಗೆ ಹೊಯ್ಯುವ ಸಾಬೂನಿನ ಗಟ್ಟಿಯನ್ನು ಅಂಗಡಿಯಿಂದ ತಂದು ‘ಸೋಡಾ ಮುಟ್ಟಲಿಲ್ಲ’ವೆನ್ನುವವರ ಪಾಲಿನ ಸೋಡಾವನ್ನು ಬೇರೊಬ್ಬರು ಎಲ್ಲಿಯೋ ಮೊದಲೇ ಮುಟ್ಟಿರುತ್ತಾರೆ, ಅಷ್ಟೆ. ಹಾಗೆಯೇ ತಕ್ಕುದಕ್ಕಿಂತ ಹೆಚ್ಚಾಗಿ ಹಾಕಿದ ಸೋಡಾ ಎಲ್ಲಿಗೂ ಹೋಗುವುದಿಲ್ಲವೆಂಬುದೂ ಅಷ್ಟೇ ಸತ್ಯ. ಕೂಡಿಕೊಳ್ಳಲು ಎಣ್ಣೆ ಸಿಕ್ಕದ ಕ್ಷಾರವು ಸಾಬೂನಿನೊಳಗೆ ಬಿಡಿಯಾಗಿ ಉಳಿದು, ಕೊನೆಗೆ ಚರ್ಮದ ಕೊಬ್ಬನ್ನು ಅರಸುತ್ತದೆ.

ಮೈಸೂರು ಸಂಸ್ಥಾನದ ನಿದರ್ಶನ

ಈ ತತ್ತ್ವವನ್ನು ಉದ್ಯಮವಾಗಿ ಬೆಳೆಸಿ ತೋರಿಸಿದ ಕೀರ್ತಿ ಕನ್ನಡಿಗರಿಗೂ ಸಲ್ಲುತ್ತದೆ. ಮೈಸೂರಿನ ಗಂಧದ ಮರವು ಹಿಂದೆ ಹೊರದೇಶಗಳಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದಿತು. ಮೊದಲನೆಯ ಮಹಾಯುದ್ಧವು ಆ ವ್ಯಾಪಾರಕ್ಕೆ ತಡೆಯೊಡ್ಡಿ ಮರವು ರಾಶಿಬಿದ್ದಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ದಿವಾನ ವಿಶ್ವೇಶ್ವರಯ್ಯನವರ ಕಾಲದಲ್ಲಿ, ಎಣ್ಣೆಯನ್ನು ನಾಡಿನಲ್ಲಿಯೇ ತೆಗೆಯುವ ನಿರ್ಧಾರವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ಪ್ರಾಧ್ಯಾಪಕರ ನೆರವಿನಿಂದ 1916ರಲ್ಲಿ ಗಂಧದ ಎಣ್ಣೆಯ ತಯಾರಿಕೆ ಆರಂಭವಾಯಿತು. ಆ ಎಣ್ಣೆಯನ್ನು ಸಾಬೂನಿಗೆ ಕೂಡಿಸುವ ಆಲೋಚನೆ ಅದರ ಬೆನ್ನಿಗೇ ಬಂದಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿನಲ್ಲಿ ಸಾಬೂನು ತಯಾರಿಕೆಯನ್ನು ಅಭ್ಯಾಸ ಮಾಡಿ ಬಂದು, 1918ರಲ್ಲಿ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ ತಲೆಯೆತ್ತಲು ಕಾರಣರಾದರು. ವೈದಿಕ ಮನೆತನದ ಹೆಸರಿನ ಈ ವಿದ್ವಾಂಸರನ್ನು ಜನರು ‘ಸೋಪ್ ಶಾಸ್ತ್ರಿ’ಗಳೆಂದೇ ಕರೆದರು. ಸಿಂಹದ ಮೈ, ಆನೆಯ ಮೋರೆಯ ಶರಭವು ಆ ಸಾಬೂನಿನ ಲಾಂಛನವಾಯಿತು. ಆ ಕಾರ್ಖಾನೆಯ ಪರಂಪರೆಯೇ 1980ರಲ್ಲಿ ಕರ್ನಾಟಕ ಸಾಬೂನು ಮತ್ತು ಮಾರ್ಜಕ ನಿಯಮಿತವೆಂಬ ಸರ್ಕಾರಿ ಸಂಸ್ಥೆಯಾಗಿ ಮುಂದುವರಿಯಿತು.

ಗಂಧದ ಪರಿಮಳವೊಂದೇ ಇಲ್ಲಿಯ ಪಾಠವಲ್ಲ. ಪರಿಮಳವನ್ನು ಬಲ್ಲ ನಾಡಾಗಿದ್ದರೂ, ಸಾಬೂನು ಮಾಡುವುದಕ್ಕೆ ಮೊದಲು ಒಬ್ಬ ವಿದ್ಯಾವಂತನನ್ನು ಕಡಲಾಚೆಗೆ ಕಳುಹಿಸಿ ಓದಿಸಿದ ವಿವೇಕವೇ ದೊಡ್ಡ ಪಾಠ. ದೊಡ್ಡ ಕಾರ್ಖಾನೆಗಳ ಕುದಿಸುವ ವಿಧಾನದಲ್ಲಿ ಸಾಬೂನಿನ ಪಾಕಕ್ಕೆ ಉಪ್ಪು ನೀರನ್ನು ಹಾಕುತ್ತಾರೆ. ಸಾಬೂನು ಮೇಲಕ್ಕೆ ತೇಲಿ, ಮಿಕ್ಕ ಸೋಡಾವೂ ಗ್ಲಿಸರಿನ್ನೂ ಕೆಳಗಿನ ನೀರಿನಲ್ಲಿ ಇಳಿಯುತ್ತವೆ. ಆ ನೀರನ್ನು ಬಸಿಯುತ್ತಾರೆ. ಅನಂತರ ಮಾದರಿಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸುತ್ತಾರೆ. ಅಂದರೆ ಕಾರ್ಖಾನೆಗೆ ತನ್ನ ತಪ್ಪನ್ನು ತೊಳೆದುಕೊಳ್ಳುವ ಅವಕಾಶವಿದೆ. ಮನೆಯಲ್ಲಿ, ತಣ್ಣನೆಯ ವಿಧಾನದಲ್ಲಿ, ಎಣ್ಣೆ ಸೋಡಾಗಳನ್ನು ಕದಡಿ ನೇರವಾಗಿ ಅಚ್ಚಿಗೆ ಹೊಯ್ಯುವವರಿಗೆ ಈ ಅವಕಾಶವಿಲ್ಲ. ಹಾಕಿದ್ದೆಲ್ಲವೂ ಒಳಗೇ ಉಳಿಯುತ್ತದೆ. ಆದುದರಿಂದ ಕಾರ್ಖಾನೆಗಿಂತಲೂ ಮನೆಗೇ ಅಳತೆಯ ನಿಷ್ಠೆ ಹೆಚ್ಚಾಗಿ ಬೇಕು.

ಅಳತೆಯ ಲೆಕ್ಕ

ಎಲ್ಲ ಎಣ್ಣೆಗಳೂ ಒಂದೇ ಪ್ರಮಾಣದ ಸೋಡಾವನ್ನು ಬಯಸುವುದಿಲ್ಲ. ಒಂದು ಕಿಲೋಗ್ರಾಂ ಕೊಬ್ಬರಿ ಎಣ್ಣೆಯು ಪೂರ್ತಿಯಾಗಿ ಸಾಬೂನಾಗಲು ಸುಮಾರು 183 ಗ್ರಾಂ ಕಾಸ್ಟಿಕ್ ಸೋಡಾ ಬೇಕು. ಅದೇ ತೂಕದ ಹರಳೆಣ್ಣೆಗೆ ಸುಮಾರು 128 ಗ್ರಾಂ ಸಾಕು. ಕೊಬ್ಬರಿ ಎಣ್ಣೆಯ ಲೆಕ್ಕವನ್ನು ಕಲಿತವರೊಬ್ಬರು, ಎಣ್ಣೆಯೆಂದರೆ ಎಲ್ಲ ಒಂದೇ ಎಂದು ಭಾವಿಸಿ, ಹರಳೆಣ್ಣೆಗೂ 183 ಗ್ರಾಂ ಹಾಕಿದರೆಂದು ಇಟ್ಟುಕೊಳ್ಳೋಣ. 55 ಗ್ರಾಂ ಸೋಡಾ ಬಿಡಿಯಾಗಿ ಉಳಿಯಿತು. ನೀರೂ ಸೇರಿ ಆ ಪಾಕದ ತೂಕ ಒಂದೂವರೆ ಕಿಲೋಗ್ರಾಮಿನಷ್ಟಾಗುತ್ತದೆ. ಸ್ನಾನದ ಸಾಬೂನಿನಲ್ಲಿ ಬಿಡಿ ಕ್ಷಾರವು ನೂರಕ್ಕೆ 0.05 ಭಾಗವನ್ನು ಮೀರಕೂಡದೆಂದು ಭಾರತೀಯ ಮಾನಕವು ಹೇಳುತ್ತದೆ. ಆ ಲೆಕ್ಕದಲ್ಲಿ ಒಂದೂವರೆ ಕಿಲೋಗ್ರಾಂ ಸಾಬೂನಿನಲ್ಲಿ ಇರಬಹುದಾದುದು ಮುಕ್ಕಾಲು ಗ್ರಾಂ. ಇಲ್ಲಿ ಉಳಿದುದು 55 ಗ್ರಾಂ. ಮಿತಿಗಿಂತ ಎಪ್ಪತ್ತು ಪಟ್ಟಿಗೂ ಮಿಗಿಲು! ಹಾಲೂ ಜೇನೂ ಗಂಧವೂ ಕೂಡಿ ಈ ತಪ್ಪನ್ನು ಮುಚ್ಚಲಾರವು.

ಆದುದರಿಂದ ಬಲ್ಲವರು ಮೂರು ನಿಯಮಗಳನ್ನು ಪಾಲಿಸುತ್ತಾರೆ. ಒಂದನೆಯದಾಗಿ, ಪ್ರತಿಯೊಂದು ಎಣ್ಣೆಗೂ ಅದರದೇ ಲೆಕ್ಕವನ್ನು ಹಿಡಿಯುತ್ತಾರೆ. ಎಣ್ಣೆಗಳನ್ನು ಬೆರೆಸಿದರೆ ಲೆಕ್ಕವನ್ನೂ ಕೂಡುತ್ತಾರೆ. ಎರಡನೆಯದಾಗಿ, ಬಂದ ಮೊತ್ತಕ್ಕಿಂತ ನೂರಕ್ಕೆ ಐದರಷ್ಟು ಸೋಡಾವನ್ನು ಕಡಿಮೆ ಮಾಡುತ್ತಾರೆ. ಕೊಬ್ಬರಿ ಎಣ್ಣೆಯ ಉದಾಹರಣೆಯಲ್ಲಿ 183ಕ್ಕೆ ಬದಲು ಸುಮಾರು 174 ಗ್ರಾಂ. ಹಾಗೆ ಮಾಡಿದಾಗ ಉಳಿಯುವುದು ಸೋಡಾ ಅಲ್ಲ, ಎಣ್ಣೆ. ಎಣ್ಣೆ ಉಳಿದರೆ ಚರ್ಮಕ್ಕೆ ಹಾನಿಯಿಲ್ಲ. ಮೂರನೆಯದಾಗಿ, ಲೋಟ ಚಮಚಗಳಿಂದ ಅಳೆಯದೆ ಗ್ರಾಮಿನ ತಕ್ಕಡಿಯಲ್ಲಿ ತೂಗುತ್ತಾರೆ. ಚೂರು ಸೋಡಾ, ಮಣಿ ಸೋಡಾ ಒಂದೇ ಲೋಟದಲ್ಲಿ ಒಂದೇ ತೂಕವಾಗಿ ನಿಲ್ಲುವುದಿಲ್ಲ. ತೆರೆದಿಟ್ಟ ಸೋಡಾ ಗಾಳಿಯ ತೇವವನ್ನು ಹೀರಿ ನೀರೊಡೆಯುತ್ತದೆ. ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡಿನೊಡನೆ ಸೇರಿ ಬಟ್ಟೆಯ ಸೋಡಾ ಆಗಿಯೂ ಮಾರ್ಪಡುತ್ತದೆ. ಆದಕಾರಣ ಬಿಗಿಯಾಗಿ ಮುಚ್ಚಿಟ್ಟ ಸೋಡಾವೇ ಲೆಕ್ಕಕ್ಕೆ ನಂಬಿಗಸ್ತ.

ಅಚ್ಚಿನಿಂದ ತೆಗೆದ ಸಾಬೂನನ್ನು ನಾಲ್ಕರಿಂದ ಆರು ವಾರ ಗಾಳಿಯಾಡುವ ನೆರಳಿನಲ್ಲಿ ಇಡುವ ಪದ್ಧತಿಯುಂಟು. ಈ ಅವಧಿಯಲ್ಲಿ ನೀರು ಆರಿ ಸಾಬೂನು ಗಟ್ಟಿಯಾಗುತ್ತದೆ, ಸೌಮ್ಯವೂ ಆಗುತ್ತದೆ. ಆದರೆ ಅಳತೆಯಲ್ಲಿ ಹೆಚ್ಚಾದ ಸೋಡಾವನ್ನು ಕಾಲವು ಸರಿಪಡಿಸುವುದೆಂದು ನೆಚ್ಚಬಾರದು. ಪರೀಕ್ಷೆಯ ವಿಷಯದಲ್ಲಿಯೂ ಒಂದು ಎಚ್ಚರ ಬೇಕು. ಅರಿಸಿನದ ಕಾಗದವು ಒಳ್ಳೆಯ ಸಾಬೂನಿನ ನೀರಿಗೂ ಕೆಂಪಾಗುತ್ತದೆ. ಅದು ಕ್ಷಾರಗುಣವನ್ನು ತೋರಿಸುತ್ತದೆಯೇ ಹೊರತು ಬಿಡಿ ಸೋಡಾವನ್ನು ಬೇರೆಯಾಗಿ ತೋರಿಸದು. ಅದಕ್ಕೆ ಶಾಲೆಯ ಪ್ರಯೋಗಾಲಯದಲ್ಲಿ ದೊರೆಯುವ ಫಿನಾಲ್ಫ್ಥಲೀನ್ ಬೇಕು. ಸಾಬೂನನ್ನು ನೀರಿನಲ್ಲಲ್ಲದೆ ಶುದ್ಧ ಮದ್ಯಸಾರದಲ್ಲಿ ಕರಗಿಸಿ ಅದರ ತೊಟ್ಟು ಹಾಕಿದಾಗ ಗುಲಾಬಿ ಬಣ್ಣ ಮೂಡಿದರೆ ಬಿಡಿ ಕ್ಷಾರ ಉಳಿದಿದೆಯೆಂದು ತಿಳಿಯಬಹುದು.

ಕೈಗೂ ಕಣ್ಣಿಗೂ ಕಾವಲು

ಸಿದ್ಧವಾದ ಸಾಬೂನಿನಲ್ಲಿ ಸೋಡಾ ಇಲ್ಲ. ಆದರೆ ಸಿದ್ಧಪಡಿಸುವವರ ಮುಂದೆ ಅದು ತನ್ನ ಪೂರ್ಣ ತೀಕ್ಷ್ಣತೆಯಲ್ಲಿ ಇರುತ್ತದೆ. ಅಪಾಯದ ನಿಜವಾದ ಸ್ಥಾನ ಇದೇ.

ಸೋಡಾ ನೀರಿಗೆ ಬಿದ್ದೊಡನೆ ಒಲೆಯಿಲ್ಲದೆಯೇ ನೀರು ಕಾಯುತ್ತದೆ. ಸಾಬೂನಿಗೆ ಬೇಕಾದಷ್ಟು ಗಾಢವಾದ ದ್ರಾವಣವು 80 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಏರಬಲ್ಲುದು. ಆದುದರಿಂದ ಯಾವಾಗಲೂ ನೀರಿಗೆ ಸೋಡಾವನ್ನು, ಅದೂ ಸ್ವಲ್ಪ ಸ್ವಲ್ಪವಾಗಿ, ಹಾಕಬೇಕು. ಸೋಡಾದ ಮೇಲೆ ನೀರನ್ನು ಸುರಿಯಲೇಬಾರದು. ಸುರಿದರೆ ಅದು ಕೊತಕೊತನೆ ಕುದಿದು ಮುಖಕ್ಕೆ ಸಿಡಿಯುತ್ತದೆ. ನೀರು ತಣ್ಣಗಿರಬೇಕು. ಏಳುವ ಆವಿಯನ್ನು ಉಸಿರಾಡದಂತೆ ಬಯಲಿನಲ್ಲಿ, ಇಲ್ಲವೆ ಕಿಟಕಿಯ ಬಳಿ ನಿಲ್ಲಬೇಕು. ಪಾತ್ರೆ ಸ್ಟೀಲಿನದಾಗಿರಲಿ. ಅಲ್ಯೂಮಿನಿಯಂ ಪಾತ್ರೆಯು ಸರ್ವಥಾ ನಿಷಿದ್ಧ. ಸೋಡಾ ಆ ಲೋಹವನ್ನು ತಿಂದು ಉರಿಯುವ ಜಲಜನಕವನ್ನು ಬಿಡಿಸುತ್ತದೆ. ಹಳ್ಳಿಯ ಅಡುಗೆಮನೆಗಳಲ್ಲಿ ದೊಡ್ಡ ಪಾತ್ರೆಗಳು ಹೆಚ್ಚಾಗಿ ಅಲ್ಯೂಮಿನಿಯಮ್ಮಿನವೇ ಆಗಿರುವುದರಿಂದ ಈ ಮಾತನ್ನು ಒತ್ತಿ ಹೇಳಬೇಕಾಗಿದೆ. ಕೈಗೆ ರಬ್ಬರಿನ ಗವಸು, ಕಣ್ಣಿಗೆ ಪಕ್ಕಗಳನ್ನೂ ಮುಚ್ಚುವ ಕನ್ನಡಕ, ಮೈಗೆ ತುಂಬುತೋಳಿನ ಬಟ್ಟೆ ಇರಬೇಕು. ಮಕ್ಕಳು ಸುತ್ತಮುತ್ತ ಇರಕೂಡದು.

ಸೋಡಾದ ನೀರು ತಾಕಿದ ಬೆರಳು ಮೊದಲು ಜಾರುತ್ತದೆ. ಕೆಲವರು ಅದನ್ನು ನಯವೆಂದು ತಿಳಿಯುತ್ತಾರೆ. ಅದು ಚರ್ಮದ ಕೊಬ್ಬೇ ಸಾಬೂನಾಗತೊಡಗಿದ್ದರ ಗುರುತು. ಉರಿ ಅನಂತರ ಬರುತ್ತದೆ. ಆ ಕ್ಷಣದಲ್ಲಿ ಮಾಡಬೇಕಾದುದು ಒಂದೇ: ಒಣ ಚೂರು ಅಂಟಿದ್ದರೆ ಕೊಡವಿ, ಸೋಡಾ ಬಿದ್ದ ಬಟ್ಟೆಯನ್ನು ತೆಗೆದು, ಹರಿಯುವ ನೀರಿನ ಕೆಳಗೆ ಇಪ್ಪತ್ತು ಮೂವತ್ತು ನಿಮಿಷ ಹಿಡಿಯುವುದು. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬಿಡಿಸಿ ಹಿಡಿದು ಅಷ್ಟೇ ಹೊತ್ತು ನೀರು ಬಿಟ್ಟು, ಕೂಡಲೇ ವೈದ್ಯರ ಬಳಿಗೆ ಧಾವಿಸಬೇಕು. ಅನೇಕ ಆಮ್ಲಗಳು ಮೇಲ್ಪದರದಲ್ಲಿ ಹೆಪ್ಪು ಕಟ್ಟಿಸಿ ನಿಲ್ಲುತ್ತವೆ. ಕ್ಷಾರವಾದರೋ ಮಾಂಸವನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ಕಣ್ಣಿನ ವಿಷಯದಲ್ಲಿ ಈ ವ್ಯತ್ಯಾಸವು ದೃಷ್ಟಿಯನ್ನೇ ನಿರ್ಣಯಿಸುತ್ತದೆ. ಆಸ್ಪತ್ರೆ ದೂರವಿರಬಹುದು, ನೀರು ಹತ್ತಿರವಿರಲೇಬೇಕು.

ಇಲ್ಲಿ ಶಾಸ್ತ್ರಾಭ್ಯಾಸಿಗಳಿಗೆ ಒಂದು ಸಂದೇಹ ಬರಬಹುದು. ಕ್ಷಾರದ ತೀಕ್ಷ್ಣತೆಯನ್ನು ಹುಳಿಯಿಂದ ಶಮನಗೊಳಿಸಬೇಕೆಂದು ಸುಶ್ರುತನೇ ಹೇಳಿಲ್ಲವೇ? ಹೇಳಿರುವುದು ನಿಜ, ಆಮ್ಲವೂ ಕ್ಷಾರವೂ ಒಂದನ್ನೊಂದು ಅಡಗಿಸುತ್ತವೆಂಬ ಸಿದ್ಧಾಂತವೂ ನಿಜ. ಆದರೆ ಅದು ಅಳತೆ ಬಲ್ಲ ವೈದ್ಯನು ಅಂಗುಲದಷ್ಟು ಜಾಗಕ್ಕೆ ಹಚ್ಚಿದ ಔಷಧದ ಮಾತು. ಅವಘಡದಲ್ಲಿ ನಿಂಬೆಯನ್ನೋ ಹುಣಿಸೆಯನ್ನೋ ಹುಡುಕುತ್ತಾ ಕಳೆಯುವ ಪ್ರತಿಯೊಂದು ಕ್ಷಣವೂ ಕ್ಷಾರಕ್ಕೆ ದೊರೆತ ಅವಧಿ. ಮೇಲಾಗಿ ಆಮ್ಲಕ್ಷಾರಗಳು ಕೂಡುವಾಗ ಹೊಸದಾಗಿ ಶಾಖ ಹುಟ್ಟುತ್ತದೆ. ಇಂದಿನ ವೈದ್ಯಶಾಸ್ತ್ರದ ನಿರ್ಣಯ ನೀರಿನ ಪರವಾಗಿದೆ; ಅದನ್ನೇ ಅನುಸರಿಸತಕ್ಕದ್ದು.

ಎಲ್ಲಕ್ಕಿಂತ ಘೋರವಾದುದು ಮಗುವು ಸೋಡಾದ ನೀರನ್ನು ಕುಡಿಯುವ ಅವಘಡ. ಉಳಿದ ದ್ರಾವಣವನ್ನು ಕುಡಿಯುವ ನೀರಿನ ಹಳೆಯ ಬಾಟಲಿಗೆ ತುಂಬಿಡುವ ಅಭ್ಯಾಸ ಇದಕ್ಕೆ ಕಾರಣ. ಬಣ್ಣವಿಲ್ಲ, ವಾಸನೆಯಿಲ್ಲ, ಬಾಯಾರಿದ ಮಗುವಿಗೆ ಅದು ನೀರೇ. ಒಂದು ಗುಟುಕಿನಿಂದ ಅನ್ನನಾಳ ಸುಟ್ಟು, ಗಾಯ ಮಾಗುವಾಗ ನಾಳವೇ ಕಿರಿದಾಗಿ, ವರ್ಷಗಟ್ಟಲೆ ಅನ್ನ ನುಂಗಲಾಗದ ಸ್ಥಿತಿ ಒದಗಬಹುದು. ಹಾಗಾದಾಗ ವಾಂತಿ ಮಾಡಿಸಬಾರದು. ಬಂದ ದಾರಿಯಲ್ಲೇ ಹಿಂದಿರುಗುವ ಕ್ಷಾರ ಎರಡನೆಯ ಬಾರಿ ಸುಡುತ್ತದೆ. ಹುಳಿಯನ್ನೂ ಕುಡಿಸಬಾರದು. ಬಾಯಿ ಮುಕ್ಕಳಿಸಿ ಉಗುಳಿಸಿ, 108ಕ್ಕೆ ಕರೆಮಾಡಿ, ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಸೋಡಾದ ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಹೆಸರನ್ನು ಬರೆದು ಬೀಗದೊಳಗೆ ಇಡುವುದೇ ಈ ಅವಘಡಕ್ಕೆ ಇರುವ ನಿಜವಾದ ಮದ್ದು.

ತ್ವಚೆ, ನೀರು, ಚೀಟಿ

ಇನ್ನು ಬಳಸುವವರ ದೃಷ್ಟಿಯಿಂದ ಎರಡು ಮಾತು. ಆರೋಗ್ಯವಂತರ ತ್ವಚೆಯ ಮೇಲ್ಮೈ ತುಸು ಆಮ್ಲಗುಣವುಳ್ಳದ್ದು. ಆಮ್ಲಕ್ಷಾರಗಳ ಮಾನದಂಡದಲ್ಲಿ ಶುದ್ಧನೀರು 7 ಆದರೆ ತ್ವಚೆ ಸುಮಾರು 5. ಅತ್ಯುತ್ತಮ ಸಾಬೂನಾದರೂ 9ರಿಂದ 10. ಆರೋಗ್ಯವಂತ ಚರ್ಮವು ಸ್ನಾನವಾದ ಕೆಲವು ಗಂಟೆಗಳಲ್ಲಿ ತನ್ನ ಸಹಜ ಸ್ಥಿತಿಗೆ ಮರಳುತ್ತದೆ. ಎಳೆಗೂಸುಗಳು, ವೃದ್ಧರು, ಇಸುಬು ಉಳ್ಳವರು ಸಾಬೂನನ್ನು ಮಿತವಾಗಿ ಬಳಸುವುದು ಒಳಿತು. ನದಿಯ ಆಸರೆ ಕಡಿಮೆಯಾದ ಕೋಲಾರ ಸೀಮೆಯಲ್ಲಿ ಆಳದ ಕೊಳವೆಬಾವಿಯ ಗಡುಸು ನೀರೇ ಅನೇಕ ಮನೆಗಳಿಗೆ ಗತಿ. ಆ ನೀರಿನ ಸುಣ್ಣದ ಅಂಶ ಸಾಬೂನಿನೊಡನೆ ಸೇರಿ ಬಿಳಿಯ ಗಷ್ಟಾಗಿ ಬಕೀಟಿನ ಅಂಚಿಗೂ ಮೈಗೂ ಅಂಟುತ್ತದೆ, ನೊರೆ ಏಳುವುದಿಲ್ಲ. ಸಾಬೂನು ಸಪ್ಪೆಯೆಂದು ಭಾವಿಸಿ ಬಟ್ಟೆಯ ಸಾಬೂನನ್ನೋ ಖಾರವಾದ ಸಾಬೂನನ್ನೋ ಮೈಗೆ ಉಜ್ಜಿದರೆ ಚರ್ಮ ಒಡೆಯುತ್ತದೆ. ತಪ್ಪು ನೀರಿನದು, ಶಿಕ್ಷೆ ತ್ವಚೆಗೆ.

ಸಾಬೂನಿನ ಹೊದಿಕೆಯ ಮೇಲಿನ ಚೀಟಿಯನ್ನು ಓದುವ ಅಭ್ಯಾಸವೂ ಬೇಕು. ಸೋಡಿಯಂ ಪಾಮೇಟ್, ಸೋಡಿಯಂ ಕೊಕೊಯೇಟ್ ಎಂಬ ಹೆಸರುಗಳು ತಾಳೆ, ಕೊಬ್ಬರಿ ಎಣ್ಣೆಗಳಿಂದ ಹುಟ್ಟಿದ ಸಾಬೂನಿನವೇ. ಭಾರತೀಯ ಮಾನಕದಂತೆ ಸ್ನಾನದ ಸಾಬೂನಿನ ಒಂದನೆಯ ದರ್ಜೆಯಲ್ಲಿ ಕೊಬ್ಬಿನಂಶ ನೂರಕ್ಕೆ 76, ಎರಡನೆಯದರಲ್ಲಿ 70, ಮೂರನೆಯದರಲ್ಲಿ 60ಕ್ಕೆ ಕಡಿಮೆಯಿರಬಾರದು. ಮುಖದ ಸ್ನೋ, ಕ್ರೀಮುಗಳ ಚೀಟಿಯಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಂದು ಕಂಡರೆ ಗಾಬರಿಯಾಗಬೇಕಾಗಿಲ್ಲ. ಆಮ್ಲಾಂಶವನ್ನು ಸಮಸ್ಥಿತಿಗೆ ತರಲು ಅಲ್ಪಪ್ರಮಾಣದಲ್ಲಿ ಹಾಕಿದ್ದು ಅಲ್ಲಿ ಕೂಡಿಕೊಂಡು ಹೋಗಿರುತ್ತದೆ. ಮನೆಯ ಬಳಕೆಗಲ್ಲದೆ ಮಾರಾಟಕ್ಕಾಗಿ ಸ್ನಾನದ ಸಾಬೂನು ತಯಾರಿಸುವವರು 1940ರ ಔಷಧ ಮತ್ತು ಪ್ರಸಾಧನ ಸಾಮಗ್ರಿಗಳ ಅಧಿನಿಯಮ, 2020ರ ಪ್ರಸಾಧನ ಸಾಮಗ್ರಿಗಳ ನಿಯಮ ಇವುಗಳ ಅನ್ವಯ ಪರವಾನಿಗೆ ಪಡೆಯಬೇಕೆಂಬುದನ್ನೂ ಸಂಘಗಳವರು ಮರೆಯಬಾರದು.

ವಿದ್ಯಾಸಂಸ್ಥೆಯ ಹೊಣೆ

ಕಾಯಕವನ್ನು ಪೂಜ್ಯವೆಂದು ಸಾರಿದ ಪರಂಪರೆಯ ಶಾಲೆಯಲ್ಲಿ ಸಾಬೂನು ತಯಾರಿಕೆಯಂತಹ ಕೈಕೆಲಸಕ್ಕೆ ಸ್ಥಾನವಿರುವುದು ಯುಕ್ತವೇ. ಆದರೆ ಕಾಯಕಕ್ಕೆ ಅರಿವು ಜೊತೆಯಾಗಬೇಕು. ವಿಜ್ಞಾನದ ಉಪಾಧ್ಯಾಯರು ಸೋಡಾವನ್ನು ತಾವೇ ಕರಗಿಸಿ, ತಣಿದ ಮೇಲೆ ಎಣ್ಣೆಗೆ ತಾವೇ ಬೆರೆಸಿ, ಮಕ್ಕಳನ್ನು ದೂರದಿಂದ ನೋಡಿಸಬಹುದು. ಗಣಿತದ ಉಪಾಧ್ಯಾಯರು ಎಣ್ಣೆಗೆ ತಕ್ಕ ಸೋಡಾದ ಲೆಕ್ಕವನ್ನು ತ್ರೈರಾಶಿಯ ಪಾಠವಾಗಿ ಹೇಳಬಹುದು. ಭಾಷೆಯ ಉಪಾಧ್ಯಾಯರಿಗೂ ಇಲ್ಲಿ ಕೆಲಸವುಂಟು: ಮೂರು ಸೋಡಾಗಳ ಹೆಸರುಗಳನ್ನು ಮಕ್ಕಳು ತಪ್ಪಿಲ್ಲದೆ ಓದಿ, ಬರೆದು, ತಮ್ಮ ತಮ್ಮ ಮನೆಯ ಡಬ್ಬಿಗಳಿಗೆ ಅಂಟಿಸುವಂತೆ ಮಾಡುವುದು. ಅಕ್ಷರವು ಪ್ರಾಣವನ್ನು ಕಾಯುತ್ತದೆಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ದುರ್ಲಭ.

ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗಳಿಗೆ ಕಟ್ಟಡಗಳನ್ನು ಕೊಟ್ಟಿದ್ದಾರೆ, ಪುಸ್ತಕಗಳನ್ನು ಕೊಟ್ಟಿದ್ದಾರೆ. ಅವರ ಔದಾರ್ಯ ಸ್ಮರಣೀಯ. ಒಂದು ಗ್ರಾಂ ತೂಗುವ ತಕ್ಕಡಿ, ಒಂದು ತರಗತಿಗೆ ಸಾಲುವಷ್ಟು ರಕ್ಷಾ ಕನ್ನಡಕಗಳು, ಪ್ರಯೋಗಾಲಯದೊಳಗೆ ಸದಾ ನೀರು ಬರುವ ಒಂದು ನಲ್ಲಿ: ಇವು ಬೆಲೆಯಲ್ಲಿ ಅಲ್ಪ. ಇವುಗಳ ಮೇಲೆ ದಾನಿಯ ಹೆಸರನ್ನು ಕೆತ್ತಿಸಲೂ ಸ್ಥಳವಿಲ್ಲ. ಆದರೆ ಒಂದು ಮಗುವಿನ ಕಣ್ಣು ಉಳಿಯುವುದು ಇವುಗಳಿಂದಲೇ.

ಸಾರಾಂಶವಿಷ್ಟೆ. ಕ್ಷಾರವು ಸ್ವತಃ ಹಗೆಯೂ ಅಲ್ಲ, ಕೆಳೆಯೂ ಅಲ್ಲ. ಅದನ್ನು ತೂಗಿ ಹಾಕಿದರೆ ಸಾಬೂನಾಗಿ ಮೈಯನ್ನು ಮಡಿ ಮಾಡುತ್ತದೆ. ಊಹೆಯಿಂದ ಹಾಕಿದರೆ ಅದೇ ಮೈಯನ್ನು ಸುಡುತ್ತದೆ. ಇವೆರಡರ ನಡುವೆ ಇರುವುದು ಕೆಲವೇ ಗ್ರಾಮುಗಳ ಅಂತರ. ಆ ಅಂತರವನ್ನು ಕಾಣುವ ಕಣ್ಣನ್ನು ಮಕ್ಕಳಿಗೆ ಕೊಡುವುದು ವಿದ್ಯೆಯ ಕೆಲಸ.